ಡ್ರೈವಿಂಗ್ ಅಕ್ಕ ಬೆಟ್ಟ ಹತ್ತಿದ ದಿನ

ಹೋದ ತಿಂಗಳು ಊರಿಗೆ ಹೋಗುವ ದಾರಿಯಲ್ಲಿ ಧರ್ಮಪುರಿಯ ಒಂದು ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಮುಂದೆ ಮೈ ತಗ್ಗಿಸಿದ ಒಂದು ಬಿಳಿ ಕಾರು. ದಾರಿ ಬಿಟ್ಟ ಕೂಡಲೆ ಅದು ಗುಟುರು ಹಾಕಿ ನುಗ್ಗಿತು. ಅದು ಹೋದ ಮೇಲೆ ಮುಖಕ್ಕೆ ಬಡಿದದ್ದು ಪೂರ್ತಿ ಸುಡದ ಪೆಟ್ರೋಲಿನ ವಾಸನೆ. ಕಣ್ಣಂಚು ಉರಿಸುವ, ಗಂಟಲಿಗೆ ಸ್ವಲ್ಪ ಸಿಹಿಯಾಗಿ ಅಂಟುವ ವಾಸನೆ. ಕಂಪನಿಯಿಂದ ಬಂದ ಹಾಗೇ ಇರುವ ಕಾರು ಹೀಗೆ ನಾರುವುದಿಲ್ಲ. ಯಾರೋ ಕೂತು, ಎಂಜಿನ್ನಿಗೆ ಬೇಕೆಂದೇ ಒಂದು ಗುಟುಕು ಪೆಟ್ರೋಲ್ ಹೆಚ್ಚಿಗೆ ಕುಡಿಸಿ, ಅದರ ಒಡಲು ಬೇಯದ ಹಾಗೆ ನೋಡಿಕೊಂಡಿದ್ದಾರೆ. ಹಿಂದಿದ್ದವರು ಹಾರನ್ ಹೊಡೆದರು, ಬೈದರು. ನನಗೆ ಅದು ಕೇಳಿಸಿದ್ದು ತಡವಾಗಿ. ಅಷ್ಟರಲ್ಲಿ ನಾನು ಹೊಗೆನಕಲ್ ಘಾಟಿನ ತಿರುವೊಂದರಲ್ಲಿ, ಅಕ್ಕನ ಪಕ್ಕದ ಸೀಟಿನಲ್ಲಿ, ಉಸಿರು ಬಿಗಿಹಿಡಿದು ಕೂತಿದ್ದೆ...

ಊರೆಲ್ಲ ಅವರನ್ನು ಡ್ರೈವಿಂಗ್ ಅಕ್ಕ ಎಂದೇ ಕರೆಯುತ್ತಿತ್ತು. ಅದು ತೊಂಬತ್ತರ ದಶಕದ ಕೊನೆ. ಕೊಯಮತ್ತೂರಿನಲ್ಲಿ ರೇಸ್ ಕಾರು ಕಟ್ಟುವ ಒಂದು ಶೆಡ್ಡಿನಲ್ಲಿ ಕೆಲವು ವರ್ಷ ದುಡಿದು, ಮನೆಗೆ ಹತ್ತಿರವಿರೋಣವೆಂದು ಬಂದು, ಧರ್ಮಪುರಿಯಲ್ಲಿ ಪೆನ್ನಾಗರಂ ರಸ್ತೆಗೆ ನನ್ನದೇ ವರ್ಕ್‌ಶಾಪ್ ತೆರೆದಿದ್ದೆ. ನನ್ನ ಊರು ಮೆಟ್ಟೂರಿನ ಆಚೆ, ಪಾಲಮಲೆಯ ಬುಡದಲ್ಲಿ. ಅಕ್ಕನದು ಹೊಗೆನಕಲ್ ದಾರಿಯ ಒಂದು ಹಳ್ಳಿ. ಇಬ್ಬರಿಗೂ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹಾಗಿರುವವರು ಪೇಟೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕರೆ ಸಲಿಗೆ ಬೇಗ ಹುಟ್ಟುತ್ತದೆ. ಮೊದಲ ದಿನವೇ ಅವರು ನನ್ನನ್ನು ತಂಬಿ ಎಂದರು, ನಾನು ಅಕ್ಕ ಎಂದೆ.

ಅವರು ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ಕಲಿಯುವವರ ಕಡೆಗೊಂದು, ತಮ್ಮ ಕಡೆಗೊಂದು ಬ್ರೇಕ್ ಇದ್ದ ಹಳೆಯ ಕಾರು, ಮನೆಯ ಮುಂದೆ ಒಂದು ಬೋರ್ಡು, ಅಷ್ಟೇ ಅವರ ಸ್ಕೂಲು. ನರ್ಸುಗಳು, ಟೀಚರುಗಳು, ಗಂಡ ದೂರದ ಊರಿನಲ್ಲಿರುವ ಹೆಂಗಸರು ಬರುತ್ತಿದ್ದರು. ಹೆಂಗಸು ಸ್ಟೀರಿಂಗ್ ಹಿಡಿದರೆ ಟೀ ಅಂಗಡಿಯ ಮುಂದೆ ಮಾತು ನಿಂತುಹೋಗುತ್ತಿದ್ದ ಕಾಲ. ಆದರೂ ಮನೆಯವರು ಕಳಿಸುತ್ತಿದ್ದರು. ಅಕ್ಕನ ಕಾರು ಯಾರಿಗೂ ತಾಗಿಲ್ಲ, ಒಂದು ಗೀರು ಕೂಡ ಬಿದ್ದಿಲ್ಲ ಎಂಬ ಹೆಸರೊಂದಿತ್ತು. ಆ ಹೆಸರೇ ಅವರ ಅನ್ನ. ಅಪ್ಪ ಲಾರಿ ಓಡಿಸುತ್ತಿದ್ದವರಂತೆ; ರಾಗಿ ಹೊಲದ ಪಕ್ಕದ ಮಣ್ಣುದಾರಿಯಲ್ಲಿ ಮಗನಿಗೂ ಮಗಳಿಗೂ ಒಂದೇ ದಿನ ಸ್ಟೀರಿಂಗ್ ಕೊಟ್ಟರಂತೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ಅಮ್ಮ, ಮದುವೆ ಬೇಡವೆಂದು ಕೂತಿದ್ದ ಅಕ್ಕ, ಮತ್ತು ಅವರ ಅಣ್ಣ.

ಆ ಅಣ್ಣನಿಗೆ ಬೋರ್‌ವೆಲ್ ಕೊರೆಯುವ ಲಾರಿಗಳಿದ್ದವು. ಒಳ್ಳೆಯ ಮನುಷ್ಯ. ನಗುವಾಗ ಇಡೀ ಮೈಯಿಂದ ನಗುತ್ತಿದ್ದ. ಆದರೆ ಯಾರಾದರೂ ಆಗುವುದಿಲ್ಲ ಎಂದರೆ ಸಾಕು, ಅದನ್ನೇ ಮಾಡಬೇಕು ಅವನಿಗೆ. ಮದರಾಸಿನ ಹಳೇ ಸಾಮಾನಿನ ಗಲ್ಲಿಯಿಂದ, ಜಪಾನಿನಲ್ಲಿ ಮುಂಭಾಗವಷ್ಟೇ ಕತ್ತರಿಸಿ ಹಡಗಿಗೆ ಹಾಕಿದ ಒಂದು ಕಾರಿನ ಟರ್ಬೊ ಎಂಜಿನ್ ತಂದು ತನ್ನ ಚಿಕ್ಕ ಕಾರಿಗೆ ಕೂರಿಸಿದ್ದ. ಟರ್ಬೊ ಎಂದರೆ ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ತಿರುಗಿ, ಹೊರಗಿನ ಗಾಳಿಯನ್ನು ಅದುಮಿ ಅದುಮಿ ಮತ್ತೆ ಅದೇ ಎಂಜಿನ್ನಿನೊಳಕ್ಕೆ ತುರುಕುವ ಯಂತ್ರ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಒಳಗೆ ಕುಲುಮೆ. ಅಣ್ಣ ಒಂದು ಸಣ್ಣ ವಾಲ್ವ್ ಸಿಕ್ಕಿಸಿ ಒತ್ತಡವನ್ನು ಏರಿಸಿಕೊಂಡ, ಪೆಟ್ರೋಲಿನ ಗೋಜಿಗೆ ಹೋಗಲಿಲ್ಲ. ತೊಪ್ಪೂರು ಘಾಟ್ ಹತ್ತುವಾಗ ಪಿಸ್ಟನ್ನಿನ ನೆತ್ತಿ ತೂತಾಯಿತು. ಹಗ್ಗ ಕಟ್ಟಿ ಎಳೆದುಕೊಂಡು ನನ್ನ ಬಾಗಿಲಿಗೆ ತಂದರು.

ಅದೇ ಹೊತ್ತಿಗೆ ಒಂದು ಮೋಟಾರ್ ಕ್ಲಬ್ಬಿನವರು ಏರ್ಕಾಡಿನ ಬೆಟ್ಟದ ರಸ್ತೆಯಲ್ಲಿ ಓಟ ಏರ್ಪಡಿಸಿದ್ದರು. ಒಂದೊಂದೇ ಕಾರು ಬುಡದಿಂದ ಹೊರಟು ತಿರುವುಗಳನ್ನೆಲ್ಲ ಹತ್ತಿ ಮುಗಿಸಬೇಕು. ಯಾರು ಬೇಗ ಹತ್ತಿದರೋ ಅವರು ಗೆದ್ದರು. ಅಣ್ಣ ಹೆಸರು ಕೊಟ್ಟಾಗಿತ್ತು, ಊರಿಗೆಲ್ಲ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಬೋರ್‌ವೆಲ್ ಲಾರಿಯ ಏಣಿಯಿಂದ ಜಾರಿ ಬಿದ್ದು ಬಲಗಡೆಯ ಕೊರಳೆಲುಬು ಮುರಿದುಕೊಂಡ.

ಕೈಗೆ ಜೋಲಿ ಕಟ್ಟಿಕೊಂಡು ಅವನು ನನ್ನ ಶೆಡ್ಡಿನ ಸ್ಟೂಲಿನ ಮೇಲೆ ಕೂತಿದ್ದ ಆ ಸಂಜೆ ಚೆನ್ನಾಗಿ ನೆನಪಿದೆ. ನಾನು ಬಿಚ್ಚಿಟ್ಟಿದ್ದ ಪಿಸ್ಟನ್ನನ್ನು ಅಕ್ಕ ಕೈಯಲ್ಲಿ ಹಿಡಿದು, ತೂತಿನೊಳಗೆ ಬೆರಳು ತೂರಿಸಿ ನೋಡುತ್ತಿದ್ದರು.

"ನಾನ್ ಓಡ್ಸ್ತೀನಿ ಅಣ್ಣ," ಎಂದರು, ತಲೆ ಎತ್ತದೆ.

ಅವನ ಮುಖ ಅರಳಿತು. ತಂಗಿ ತನಗಿಂತ ಚೆನ್ನಾಗಿ ಓಡಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಅವನಿಗೆ ಯಾವತ್ತೂ ನಾಚಿಕೆ ಇರಲಿಲ್ಲ.

"ಆದ್ರೆ ಎಂಜಿನ್‌ಗೆ ಏನ್ ಆಕ್ಬೇಕು, ಎಷ್ಟ್ ಆಕ್ಬೇಕು ಅಂತ ನಾನ್ ಏಳ್ತೀನಿ. ನೀನು ಕೈ ಆಕ್ಬಾರ್ದು. ಒಪ್ಪಿಗೆ ಆದ್ರೆ ಸರಿ, ಇಲ್ಲಾಂದ್ರೆ ಬೇಡ."

ಅವನು ನಕ್ಕ. "ಸರಿ ಸರಿ, ನಿನ್ ಇಷ್ಟ," ಎಂದ.

ಮುಂದಿನ ವಾರಗಳಲ್ಲಿ ನಮ್ಮ ಮೂವರ ನಡುವೆ ನಡೆದದ್ದೆಲ್ಲ ಈ ಆಯ್ಕೆಗಳ ಜಗಳವೇ. ಮೊದಲನೆಯದು, ಎಂಜಿನ್ನಿಗೆ ಪೆಟ್ರೋಲ್, ಕಿಡಿ ಅಳೆದು ಕೊಡುವ, ಅದರ ಜೊತೆಗೇ ಬಂದ ಜಪಾನಿನ ಕಂಪ್ಯೂಟರ್ ಡಬ್ಬಿಯನ್ನೇ ಇಟ್ಟುಕೊಳ್ಳುವುದು. ಆದರೆ ಅದು ತನ್ನ ದೇಶದ ಪೆಟ್ರೋಲಿಗೆ ಬರೆದ ಲೆಕ್ಕವನ್ನೇ ಹಿಡಿದು ಕೂರುತ್ತದೆ. ನಮ್ಮ ಬಂಕಿನ ಪೆಟ್ರೋಲ್ ಅಷ್ಟು ಒತ್ತಡ ತಾಳುವಂಥದ್ದಲ್ಲ. ಕಿಡಿ ಬೀಳುವ ಮೊದಲೇ ತಾನಾಗಿ ಸಿಡಿಯುತ್ತದೆ. ಎರಡನೆಯ ದಾರಿ ಅಣ್ಣನಿಗೆ ಪ್ರಿಯವಾದದ್ದು: ಆ ಡಬ್ಬಿಗೆ ಸುಳ್ಳು ಹೇಳುವ ಇನ್ನೊಂದು ಸಣ್ಣ ಡಬ್ಬಿ ಜೋಡಿಸುವುದು. ಒತ್ತಡ ಎಷ್ಟೇ ಏರಿದರೂ ಕಡಿಮೆ ಇದೆಯೆಂದು ಅದು ಹೇಳುತ್ತದೆ, ಕಂಪ್ಯೂಟರ್ ನಂಬುತ್ತದೆ, ಎಂಜಿನ್ ಓಡುತ್ತದೆ. ಮೂರನೆಯದು ಜಪಾನಿನ ಡಬ್ಬಿಯನ್ನೇ ಕಿತ್ತು, ಖಾಲಿ ಹಲಗೆಯಂಥ ಒಂದು ಕಂಪ್ಯೂಟರ್ ಹಾಕುವುದು. ಯಾವ ವೇಗದಲ್ಲಿ, ಎಷ್ಟು ಒತ್ತಡದಲ್ಲಿ, ಎಷ್ಟು ಪೆಟ್ರೋಲ್, ಯಾವಾಗ ಕಿಡಿ, ಎಲ್ಲವನ್ನೂ ನಾವೇ ಅದರ ಮೇಲೆ ಬರೆಯಬೇಕು. ತಪ್ಪು ಬರೆದರೆ ತಪ್ಪೂ ನಮ್ಮದೇ. ಕೊಯಮತ್ತೂರಿನಲ್ಲಿ ಓಟ ಬಿಟ್ಟಿದ್ದ ಒಬ್ಬರ ಬಳಿ ಅಂಥದ್ದೊಂದು ಇತ್ತು.

"ಸುಳ್ಳೇಳೋ ಡಬ್ಬಿ ಬೇಡ," ಎಂದರು ಅಕ್ಕ. "ಅದು ಎಂಜಿನ್‌ಗೂ ಸುಳ್ಳೇಳ್ತದೆ, ನಂಗೂ ಸುಳ್ಳೇಳ್ತದೆ."

ಅಣ್ಣ ದೊಡ್ಡ ಟರ್ಬೊ ಬೇಕೆಂದ. ತಿರುವು ತಿರುವಿಗೂ ವೇಗ ಇಳಿದು ಮತ್ತೆ ಹತ್ತುವ ರಸ್ತೆಗೆ ದೊಡ್ಡದು ಏತಕ್ಕೂ ಬಾರದು. ಅದು ಎಚ್ಚರವಾಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ ಎಂದು ನಾನೆಂದೆ. ಅಕ್ಕ ಚಿಕ್ಕದನ್ನೇ ಇಡಿಸಿದರು. ಬಿಸಿಯಾದ ಗಾಳಿಯನ್ನು ತಣಿಸುವ ಕೂಲರನ್ನು ಮಾತ್ರ, ಸೇಲಂನಲ್ಲಿ ಲಾರಿ ರೇಡಿಯೇಟರ್ ಕಟ್ಟುವವರ ಹತ್ತಿರ ಹೇಳಿ, ಸಾಧ್ಯವಾದಷ್ಟು ದೊಡ್ಡದು ಮಾಡಿಸಿದರು. ಒತ್ತಡ ಎಷ್ಟಿರಬೇಕೆಂದು ಕೇಳಿದಾಗ, "ಬೆಟ್ಟದ್ ತುದಿ ಗಂಟ ಎಂಜಿನ್ ಉಸ್ರಾಡ್ಬೇಕು. ಅಷ್ಟಿದ್ರೆ ಸಾಕು," ಎಂದರು. ಅಣ್ಣ ಸುಮ್ಮನೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ಆಮೇಲೆ ಅವನು ಆ ಬಗ್ಗೆ ಮಾತಾಡುವುದನ್ನೇ ಬಿಟ್ಟ. ಆ ಮೌನ ನನಗೆ ಹಿಡಿಸಲಿಲ್ಲ...

ಖಾಲಿ ಕಂಪ್ಯೂಟರಿಗೆ ಲೆಕ್ಕ ಬರೆಯಲು ರಸ್ತೆ ಬೇಕು. ಹೊಗೆನಕಲ್‌ನಿಂದ ಪೆನ್ನಾಗರಂ ಕಡೆಗೆ ಏರುವ ಕಾಡುದಾರಿಯನ್ನು ಆರಿಸಿಕೊಂಡೆವು. ನಸುಕಿನಲ್ಲಿ ಇಳಿದುಹೋಗಿ, ಪ್ರವಾಸಿಗರ ಬಸ್ಸುಗಳು ಬರುವ ಮೊದಲು ಹತ್ತುವುದು. ಅಕ್ಕ ಓಡಿಸುವುದು, ನಾನು ಪಕ್ಕದಲ್ಲಿ, ಗುರುತಿನ ಕಾಲೇಜು ಮೇಷ್ಟ್ರೊಬ್ಬರಿಂದ ಎರವಲು ತಂದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು. ಎಂಜಿನ್ನಿಗೆ ಒಂದು ತಾಮ್ರದ ನಳಿಕೆ ಬಿಗಿದು, ಅದಕ್ಕೆ ರಬ್ಬರ್ ಟ್ಯೂಬ್ ಸಿಕ್ಕಿಸಿ, ಟ್ಯೂಬಿನ ತುದಿಗೆ ಡಾಕ್ಟರು ಕಿವಿಗಿಡುವ ಸ್ಟೆಥಸ್ಕೋಪಿನ ಕವಲು ಜೋಡಿಸಿದ್ದೆ. ಪೆಟ್ರೋಲ್ ತಾನಾಗಿ ಸಿಡಿಯತೊಡಗಿದರೆ ಕಬ್ಬಿಣದ ಬಾಣಲೆಯಲ್ಲಿ ಕಡಲೆ ಚಟಪಟಿಸಿದ ಹಾಗೆ ಕೇಳಿಸುತ್ತದೆ. ಕೇಳಿಸಿದ ಗಳಿಗೆಯಲ್ಲೇ ಆಕ್ಸಿಲರೇಟರಿನಿಂದ ಕಾಲು ಎತ್ತಬೇಕು. ಇನ್ನೊಂದು ಗಳಿಗೆ ತಡೆದರೆ ಮತ್ತೊಂದು ಪಿಸ್ಟನ್.

ಕಿವಿ ಮುಚ್ಚಿಕೊಂಡ ನನಗೆ ಹೊರಗಿನ ಲೋಕ ಕೇಳಿಸುತ್ತಿರಲಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಕೂತ ಹಾಗೆ ಅದರ ಉಸಿರು, ಸರಪಳಿಯ ಸರಸರ, ಟರ್ಬೊದ ಸಿಳ್ಳೆ. ಮುಂದೆ ತಿರುವಿನಲ್ಲಿ ಏನು ಬರುತ್ತಿದೆ ಎಂದು ನೋಡಲು ಧೈರ್ಯವಿಲ್ಲದೆ ತೆರೆಯ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದೆ. ಸದ್ದು ಕೇಳಿದರೆ ಕೈ ಎತ್ತುವುದು ನನ್ನ ಕೆಲಸ. ನನ್ನ ಕೈ ಪೂರ್ತಿ ಮೇಲೇಳುವ ಮೊದಲೇ ಅಕ್ಕನ ಕಾಲು ಸಡಿಲವಾಗಿರುತ್ತಿತ್ತು. ಗೇರನ್ನು ಅವರು ದೂಡುತ್ತಿರಲಿಲ್ಲ, ಎಲ್ಲಿಗೆ ಹೋಗಬೇಕೆಂದು ತೋರಿಸಿದ ಹಾಗೆ ಹಾಕುತ್ತಿದ್ದರು.

ಒಂದು ಬೆಳಿಗ್ಗೆ, ಬಿಸಿಲು ಆಗಲೇ ಚುರುಕಾಗಿತ್ತು. ಕಡಿದಾದ ಒಂದು ಏರಿನ ಅರ್ಧದಲ್ಲಿ ಕಿವಿಯೊಳಗೆ ಚಟಚಟ ಶುರುವಾಯಿತು. ಕೈ ಎತ್ತಿದೆ. ಅದೇ ಗಳಿಗೆಗೆ ಎದುರಿನ ತಿರುವಿನಿಂದ ಒಂದು ಬಸ್ಸು ನಮ್ಮ ಬದಿಗೇ ಹೊರಳಿಕೊಂಡು ಬಂತು. ಅಕ್ಕ ಕಾಲನ್ನು ಸರಕ್ಕನೆ ತೆಗೆಯಲಿಲ್ಲ. ನಿಧಾನವಾಗಿ, ಕಾಯಿಸಿದ ಹಾಲಿನ ಪಾತ್ರೆ ಇಳಿಸುವವರ ಹಾಗೆ ಸಡಿಲಿಸುತ್ತಾ, ಕಾರನ್ನು ಬಂಡೆಯ ಕಡೆಗೆ ಒರಗಿಸಿದರು. ಬಸ್ಸು ನಮ್ಮ ಕನ್ನಡಿಯನ್ನು ಮುಟ್ಟಿದ ಹಾಗೆ ಹಾದುಹೋಯಿತು. ಕಾರು ನಿಂತಿತು. ನಾನು ಸ್ಟೆಥಸ್ಕೋಪ್ ಕಿತ್ತೆ. ಕಾಡಿನಲ್ಲಿ ಒಂದು ಹಕ್ಕಿ ಕೂಗುತ್ತಿತ್ತು. ಅಕ್ಕ ಸ್ಟೀರಿಂಗಿನಿಂದ ಕೈ ತೆಗೆಯದೆ ನನ್ನ ಕಡೆಗೆ ತಿರುಗಿದರು.

"ಎಂಜಿನ್ ಎಲ್ಲಿ ಕುಟ್ಟಿತು? ಅಂಕಿ ನೋಡ್ಕಂಡ್ಯಾ ತಂಬಿ?" ಎಂದು ಕೇಳಿದರು.

ನೋಡಿಕೊಂಡಿದ್ದೆ. ಮತ್ತೆ ಹೊಗೆನಕಲ್‌ಗೆ ಇಳಿದು, ಮೀನು ಹುರಿಯುವ ಅಂಗಡಿಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಆ ಅಂಕಿಯ ಜಾಗಕ್ಕೆ ಪೆಟ್ರೋಲ್ ಹೆಚ್ಚಿಸಿದೆ, ಕಿಡಿಯನ್ನು ತುಸು ತಡಮಾಡಿದೆ. ಅಲ್ಲೇ, ಮಸಾಲೆ ಮೆತ್ತಿದ ಮೀನು ಮುಂದೆ ಆರುತ್ತಿದ್ದಾಗ, ನಮ್ಮಿಬ್ಬರಿಗೂ ಒಂದು ವಾದವಾಯಿತು. ಅಕಸ್ಮಾತ್ ಒತ್ತಡ ಮಿತಿ ಮೀರಿದರೆ ಕಂಪ್ಯೂಟರ್ ತಾನೇ ಪೆಟ್ರೋಲ್ ನಿಲ್ಲಿಸಿಬಿಡುವ ಹಾಗೆ ಬರೆಯುತ್ತೇನೆ, ಎಂಜಿನ್ ಉಳಿಯುತ್ತದೆ ಎಂದೆ ನಾನು. ಬಸ್ಸಿನ ಭಯ ಇನ್ನೂ ಮೈಯಲ್ಲಿತ್ತು.

"ಬೇಡ."

"ಅಕ್ಕ, ಪಿಸ್ಟನ್ ಒಂದ್ ಗಳಿಗೇಲಿ ಓಗ್ತದೆ..."

"ಪಿಸ್ಟನ್ ಓದ್ರೆ ಇನ್ನೊಂದ್ ತರ್ಬೌದು. ತಿರುವ್ನಾಗೆ ವಂಡಿ ತಟಕ್ನೆ ಸತ್ತೋದ್ರೆ ಏನಾಯ್ತದೆ? ಭಾರ ಎಲ್ಲ ಮುಂದಕ್ಕ್ ಬೀಳ್ತದೆ, ಇಂದ್ಗಡೆ ಚಕ್ರ ಜಾರ್ತದೆ, ವಂಡಿ ಗೋಡೆ ಅತ್ತಿ ಆಚೆ ಓಯ್ತದೆ. ನನ್ ಕಾಲು ನಾನ್ ಎತ್ಕೊತೀನಿ. ಮಿಶೀನು ನನ್ನ ಕೇಳ್ದೆ ಎತ್ತ್‌ಬಾರ್ದು. ಒಂದ್ ದೀಪ ಇಡು, ಸಾಕು."

ಸ್ಟೀರಿಂಗಿನ ಹಿಂದೆ, ಕಣ್ಣಿಗೆ ನೇರವಾಗಿ ಒಂದು ಕೆಂಪು ದೀಪ ಕೂರಿಸಿದೆ. ಗಾಳಿಯ ಒತ್ತಡ ಗೆರೆ ದಾಟಿದರೆ ಅದು ಹತ್ತುತ್ತದೆ. ಟರ್ಬೊದ ಮೇಲೆ ಒತ್ತಡವನ್ನು ನಿಗದಿ ಮಾಡುವ ನಟ್ಟನ್ನು ಬಿಗಿದು, ಅದು ಅಲುಗಿದರೆ ತಿಳಿಯಲೆಂದು ಮೇಲೆ ಬಿಳಿ ಬಣ್ಣದ ಗೆರೆ ಎಳೆದೆ. ಎಲ್ಲ ಸರಿಯಿದೆ ಎನ್ನಿಸಿದರೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಓಟದ ದಿನ ಬೆಟ್ಟದ ಬುಡದಲ್ಲಿ ಜನ ಸೇರಿದ್ದರು. ಕೊಯಮತ್ತೂರು, ಬೆಂಗಳೂರು ಕಡೆಯ ಕಾರುಗಳು ಸಾಲಾಗಿ ನಿಂತು ಗುಡುಗುತ್ತಿದ್ದವು. ಓಡಿಸುವವರಲ್ಲಿ ಹೆಂಗಸು ಅಕ್ಕ ಒಬ್ಬರೇ. ಅಣ್ಣನ ಹಳೆಯ ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕಿ, ಕೂದಲಿಗೆ ಎಡಪ್ಪಾಡಿಯ ಮಗ್ಗದ ಟವೆಲ್ಲು ಬಿಗಿದು ಅದರ ಮೇಲೆ ಹೆಲ್ಮೆಟ್ ಹಾಕಿದ್ದರು. ಅವರ ಬಳಿ ಕಲಿತ ಕೆಲವು ಹೆಂಗಸರು ಸೇಲಂ ಬಸ್ಸು ಹತ್ತಿ ನೋಡಲು ಬಂದಿದ್ದರು. ಅವರನ್ನು ಕಂಡು ಅಕ್ಕನ ಮುಖ ಇನ್ನಷ್ಟು ಬಿಗಿಯಿತು. ಇವತ್ತು ಏನಾದರೂ ಆದರೆ ಇವರೆಲ್ಲರ ಮನೆಯಲ್ಲಿ ನಾಳೆ ಏನು ಮಾತು ಬರುತ್ತದೆಂದು ಅವರಿಗೆ ಗೊತ್ತಿತ್ತು. ಪ್ರತಿಯೊಬ್ಬರಿಗೂ ಎರಡು ಓಟ. ಎರಡರಲ್ಲಿ ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಓಡಿಸುವವರನ್ನು ಕರೆದು ನಿಯಮ ಹೇಳುವಾಗ ಅಕ್ಕನ ಜೊತೆ ನಾನೂ ಹೋದೆ. ಕಾರಿನ ಹತ್ತಿರ ಅಣ್ಣ ಒಬ್ಬನೇ ಇದ್ದ.

ಆಮೇಲೆ ನಾನು ಮೇಲಕ್ಕೆ ನಡೆದು, ಹಿಮ್ಮುರಿ ತಿರುವೊಂದರ ಒಳಬದಿಯ ದಿಬ್ಬದ ಮೇಲೆ ನಿಂತೆ. ಆಚೆ ಬದಿಗೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಪಾತಾಳ. ಒಂದೊಂದಾಗಿ ಕಾರುಗಳು ಹಾದವು. ಆಮೇಲೆ ಕೆಳಗಿನಿಂದ ನಮ್ಮ ಕಾರಿನ ದನಿ ಏರಿ ಬಂತು.

ಸಿಳ್ಳೆ ಕೇಳಿದ ಕೂಡಲೆ ದಿಬ್ಬದ ಅಂಚಿಗೆ ಬಂದೆ. ಅಷ್ಟು ದಿನ ಕಿವಿಗೆ ಹಚ್ಚಿಕೊಂಡು ಕೇಳಿದ ಸಿಳ್ಳೆ ಅದು. ಅದರ ಶ್ರುತಿ ನನಗೆ ಗೊತ್ತು. ಇವತ್ತು ಒಂದು ಮೆಟ್ಟಿಲು ಮೇಲಿತ್ತು. ಯಾರೋ ಒತ್ತಡ ಏರಿಸಿದ್ದರು. ಕಾರು ತಿರುವಿಗೆ ಬಂದ ವೇಗ ನಾವು ಅಭ್ಯಾಸ ಮಾಡಿದ ವೇಗವಲ್ಲ. ಕೂಗಿದೆ. ಏನು ಕೂಗಿದೆನೋ, ಯಾರಿಗೆ ಕೇಳಿಸುತ್ತದೆ? ತಿರುವಿನ ನಡುವೆ ಎಂಜಿನ್ನಿನ ದನಿ ಇಳಿಯತೊಡಗಿತು. ಕತ್ತರಿಸಿದ ಹಾಗಲ್ಲ, ಇಳಿಜಾರಿನಲ್ಲಿ ಇಳಿದ ಹಾಗೆ. ಹಿಂದಿನ ಚಕ್ರಗಳು ಗೋಡೆಯ ಕಡೆಗೆ ಹೊರಳಿದವು, ಜಲ್ಲಿಕಲ್ಲು ಪಟಪಟ ಹಾರಿ ಗೋಡೆಗೆ ಬಡಿದವು, ನನ್ನ ಪಕ್ಕದವರು ಕಣ್ಣು ಮುಚ್ಚಿಕೊಂಡರು... ಹೊರಳಿದ ಕಾರು ಗೋಡೆಯ ಪಕ್ಕದಲ್ಲೇ ತೂಗಾಡಿ, ನೆಟ್ಟಗಾಯಿತು. ಮೆಲ್ಲಗೆ ಬದಿಗೆ ಬಂದು ನಿಂತಿತು.

ಗುಂಪಿನಲ್ಲಿ ಒಬ್ಬ, "ಪೊಂಬಳ ವಂಡಿ ಓಟ್ಟಿನಾ ಇಪ್ಪಡಿದಾನ್!" ಎಂದ. ಹೆಂಗಸು ಗಾಡಿ ಓಡಿಸಿದರೆ ಇಷ್ಟೇ ಎಂದು. ಸುತ್ತಲಿನವರು ನಕ್ಕರು. ಅವರು ಕಂಡದ್ದು ಹೆದರಿ ನಿಂತ ಹೆಂಗಸನ್ನು. ನಾನು ದಿಬ್ಬದಿಂದ ಜಾರಿಕೊಂಡೇ ಇಳಿದು ಓಡಿದೆ. ಅಕ್ಕ ಹೆಲ್ಮೆಟ್ ತೆಗೆದು ಬಾಗಿಲಿಗೆ ಒರಗಿ ನಿಂತಿದ್ದರು. ತುಟಿ ಬೆಳ್ಳಗಾಗಿತ್ತು.

"ದೀಪ ಅತ್ಕಂತು ತಂಬಿ," ಎಂದರು. ಅಷ್ಟೇ.

ದಾರಿ ತೆರವಾದ ಮೇಲೆ ಕಾರನ್ನು ಬುಡಕ್ಕೆ ಇಳಿಸಿದೆವು. ಬಾನೆಟ್ ಎತ್ತಿದೆ. ನಟ್ಟಿನ ಮೇಲೆ ಎಳೆದ ಬಿಳಿ ಗೆರೆ ಎರಡು ತುಂಡಾಗಿ, ಒಂದು ತುಂಡು ಪಕ್ಕಕ್ಕೆ ತಿರುಗಿ ನಿಂತಿತ್ತು. ಅಕ್ಕ ಅದನ್ನು ನೋಡಿದರು. ಆಮೇಲೆ ಅಣ್ಣನನ್ನು ನೋಡಿದರು. ಅವನು ಎಡಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈ ಅದಾಗಲೇ ಸ್ವಚ್ಛವಿತ್ತು.

"ಕೊಯಮತ್ತೂರ್‌ನವ್ರ್ ಮುಂದೆ ಮಾನ ಓಯ್ತದೆ ಅಂತ... ಒಸಿಯೇ ತಿರ್ಗಿಸ್ದೆ ಕಣಮ್ಮಿ. ನಿನ್ ಕೈನಾಗೆ ಏನೂ ಆಗಲ್ಲ ಅಂತ ನಂಗೊತ್ತು," ಎಂದ.

"ನಿನ್ ಮಾನ ವಂಡಿ ಒಳಗ್ ಕುಂತಿರ್ಲಿಲ್ಲ ಅಣ್ಣ," ಎಂದರು ಅಕ್ಕ. ದನಿ ಏರಿರಲಿಲ್ಲ. "ನಾನ್ ಕುಂತಿದ್ದೆ."

ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ತೆಗೆದುಕೊಂಡು ಅವನ ಎಡಗೈಗೆ ಕೊಟ್ಟರು. "ನೀನ್ ತಿರ್ಗಿಸಿದ್ದು. ನೀನೇ ವಾಪಸ್ ತಿರ್ಗಿಸು."

ಅವನು ಬಗ್ಗಿದ. ಎಂಜಿನ್ ಇನ್ನೂ ಕೆಂಡವಾಗಿತ್ತು. ಜೋಲಿಯ ಕೈ ಅಡ್ಡ ಬರುತ್ತಿತ್ತು, ಸ್ಪ್ಯಾನರ್ ಎರಡು ಸಲ ಜಾರಿತು, ಬೆರಳು ಸುಟ್ಟುಕೊಂಡ. ನಾನು ಕೈ ಚಾಚಿದೆ. ಅಕ್ಕ ನನ್ನನ್ನು ಬರೀ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಬಿಳಿ ಗೆರೆಯ ಎರಡು ತುಂಡು ಮತ್ತೆ ಕೂಡುವವರೆಗೂ ಅವನೇ ತಿರುಗಿಸಿದ. ಬೆವರು ಅವನ ಮೂಗಿನಿಂದ ಎಂಜಿನ್ನಿನ ಮೇಲೆ ತೊಟ್ಟಿಕ್ಕಿ ಚುಯ್ ಎನ್ನುತ್ತಿತ್ತು.

ಇನ್ನೊಂದು ಓಟವಿತ್ತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದೆ. ಪಿಸ್ಟನ್ ಕರಗತೊಡಗಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕಾಳು ಕಾಳಾಗಿ ಅಂಟಿರುತ್ತದೆ. ಮೊದಲನೆಯವೆಲ್ಲ ಶುದ್ಧವಾಗಿದ್ದವು. ಕೊನೆಯದರ ಮೇಲೆ ಒಂದು ಸಣ್ಣ ಬೂದು ಕಲೆ. ಅದು ಪಿಸ್ಟನ್ನಿನದೋ, ಮಸಿಯೋ ಹೇಳಲು ನನಗೆ ಆಗಲಿಲ್ಲ. ಹಾಗೆಂದೇ ಹೇಳಿದೆ. ಅಕ್ಕ ಪ್ಲಗ್ಗನ್ನು ಇಸಕೊಂಡು ಉಗುರಿನಿಂದ ಕೆರೆದರು. ಕಲೆ ಅರ್ಧ ಹೋಯಿತು, ಅರ್ಧ ಉಳಿಯಿತು.

"ಅಕ್ಕ, ಸಾಕು. ಮನೆಗೆ ಓಗಾಣ," ಎಂದೆ.

ಅವರು ದೂರದಲ್ಲಿ ನಿಂತಿದ್ದ ತಮ್ಮ ಹೆಂಗಸರ ಕಡೆಗೆ ನೋಡಿದರು. ಅವರಲ್ಲಿ ಒಬ್ಬರು, ಜನರ ನಗು ಕೇಳಿಸಿಕೊಂಡವರು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಕ್ಕ ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟು, "ಆಕು," ಎಂದರು.

ಈ ಸಲ ನಾನು ಮೇಲಕ್ಕೆ ಹೋಗಲಿಲ್ಲ. ಬುಡದಲ್ಲೇ ನಿಂತು ಕೇಳಿದೆ. ಸಿಳ್ಳೆ ನನಗೆ ಗೊತ್ತಿರುವ ಶ್ರುತಿಯಲ್ಲೇ ಹೊರಟಿತು. ಮೊದಲ ತಿರುವು. ಇಳಿಯಿತು, ಏರಿತು. ಬೆಟ್ಟ ಸದ್ದನ್ನು ನುಂಗುತ್ತಿತ್ತು, ಮತ್ತೆ ಉಗುಳುತ್ತಿತ್ತು. ಒಂದು ಕಡೆ ದನಿ ಪೂರ್ತಿ ನಿಂತೇಹೋಯಿತು. ಪಕ್ಕದಲ್ಲಿದ್ದ ಅಣ್ಣ ನನ್ನ ತೋಳನ್ನು ಹಿಡಿದ. ಅವನ ಬೆರಳುಗಳು ಒಳಕ್ಕೆ ಇಳಿಯುವ ಹಾಗಿದ್ದವು. ಬಂಡೆಯ ಮರೆ ದಾಟಿ ದನಿ ಮತ್ತೆ ಬಂತು, ಇನ್ನೂ ಮೇಲಿನಿಂದ, ಇನ್ನೂ ಸಣ್ಣದಾಗಿ. ಆಮೇಲೆ ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತೋ... ಕೊನೆಗೆ ಮೈಕಿನವರು ಮೇಲಿನಿಂದ ಬಂದ ಸುದ್ದಿಯನ್ನು ಕೂಗಿದರು. ಕಾರು ಮುಟ್ಟಿತ್ತು. ಅಷ್ಟೇ ಶಕ್ತಿಯ ಕಾರುಗಳ ಗುಂಪಿನಲ್ಲಿ ಮೂರನೆಯ ಸ್ಥಾನ.

ಅಣ್ಣ ನನ್ನ ತೋಳು ಬಿಟ್ಟ. ಅಲ್ಲೇ ನೆಲಕ್ಕೆ ಕೂತ. ಆಮೇಲೆ ಎದ್ದು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದ. ಬಹುಮಾನದ ಹೊತ್ತಿಗೆ ಅವನಿರಲಿಲ್ಲ. ಗೋಡೆಯ ಬಳಿ ಯಾಕೆ ನಿಂತಿರೆಂದು ಕ್ಲಬ್ಬಿನವರು ಕೇಳಿದಾಗ ಅಕ್ಕ, "ಜಾಸ್ತಿ ವೇಗ ಆಯ್ತು," ಎಂದರು. ತಾವು ನಗೆಗೀಡಾದದ್ದು ಅಣ್ಣನಿಂದ ಎಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನಗೂ ಹೇಳಬೇಡವೆಂದರು. ನಾನೂ ಇದುವರೆಗೆ ಹೇಳಿರಲಿಲ್ಲ. ಈಗ ಕೇಳಿ ಬೇಸರಪಡುವವರು ಉಳಿದಿಲ್ಲ, ಅಣ್ಣನೊಬ್ಬನನ್ನು ಬಿಟ್ಟು. ಅವನೇ ಬರೆಯಲು ಹೇಳಿದ.

ಸ್ವಲ್ಪ ಕಾಲದ ನಂತರ ಅಣ್ಣ ಆ ಕಾರನ್ನು ಕೇರಳದವರಿಗೆ ಮಾರಿಬಿಟ್ಟ. ತಂಗಿಯನ್ನು ಕೇಳಲಿಲ್ಲ. ಅದನ್ನು ನೋಡಿದರೆ ಅವನಿಗೆ ಏನಾಗುತ್ತಿತ್ತೋ ಏನೋ. ನಾನು ಸಿಟ್ಟಾಗಿ ಅಕ್ಕನ ಬಳಿ ಹೋದೆ. ಅವರು ಯಾರೋ ಹೊಸಬರಿಗೆ ಕ್ಲಚ್ ಬಿಡುವುದನ್ನು ಹೇಳಿಕೊಡುತ್ತಿದ್ದರು. "ವಂಡಿ ಅವನ್ದು ತಂಬಿ, ಓಟ ನಂದು. ಅದ್ನ ಮಾರಕ್ ಆಗಲ್ವಲ್ಲ," ಎಂದು ನಕ್ಕರು. ಮತ್ತೆ ಯಾವ ಓಟಕ್ಕೂ ಅವರು ಹೋಗಲಿಲ್ಲ. ಹೋಗಬೇಕೆನಿಸಲಿಲ್ಲವೋ, ಕಾರು ಸಿಗಲಿಲ್ಲವೋ ನಾನು ಕೇಳಲಿಲ್ಲ. ಸ್ಕೂಲು ಮಾತ್ರ ದೊಡ್ಡದಾಯಿತು. ಒಂದಿದ್ದ ಕಾರು ಎರಡಾಯಿತು. ನಾನು ಮದುವೆಯಾಗಿ, ಶೆಡ್ಡು ಮುಚ್ಚಿ, ಹೊಸೂರಿನ ಫ್ಯಾಕ್ಟರಿಯೊಂದರ ಕೆಲಸಕ್ಕೆ ಸೇರಿ, ಹಬ್ಬಕ್ಕೆ ಬಂದಾಗ ನೋಡಿ ಬರುವಷ್ಟಕ್ಕೆ ನಂಟು ತೆಳುವಾಯಿತು. ಆಮೇಲೆ ಅದೂ ಇಲ್ಲ...

ಸಿಗ್ನಲ್ಲಿನಲ್ಲಿ ಆ ವಾಸನೆ ಬಡಿದ ದಿನ ನಾನು ಮನೆಗೆ ಹೋಗಲಿಲ್ಲ. ಸ್ಕೂಟರನ್ನು ನೇರ ಪೆನ್ನಾಗರಂ ಕಡೆಗೆ ತಿರುಗಿಸಿದೆ. ಅವರ ಮನೆಯ ಬಾಗಿಲು ತೆರೆದದ್ದು ಅಣ್ಣ. ತಲೆ ಬೆಳ್ಳಗಾಗಿತ್ತು, ಬಲಗಡೆಯ ಭುಜ ತುಸು ಇಳಿದಿತ್ತು. ನನ್ನ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಬಾರ್ಲಾ," ಎಂದು ಒಳಗೆ ಕರೆದ. ಗೋಡೆಯ ಮೇಲೆ ಅಕ್ಕನ ಫೋಟೊ, ಅದಕ್ಕೆ ಹೂವು. ಹೋದ ವರ್ಷವಂತೆ. ಹೊಟ್ಟೆಯಲ್ಲಿ ಗಡ್ಡೆ. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನನ್ನ ನಂಬರು ಯಾರ ಬಳಿಯೂ ಇರಲಿಲ್ಲ.

ಕಾಫಿ ತಂದುಕೊಟ್ಟು ಎದುರಿಗೆ ಕೂತ. ಬೆಟ್ಟದ ದಿನದ ಮಾತು ನಾನಾಗಿ ಎತ್ತಲಿಲ್ಲ; ಅವನೇ ಎತ್ತಿದ. ಬರೆದಿಡು, ನಾನ್ ಮಾಡಿದ್ದೂ ಸೇರ್ಸಿ ಬರಿ ಎಂದ. ಆಮೇಲೆ ಮಾತು ಅವರ ಕೊನೆಯ ತಿಂಗಳುಗಳ ಕಡೆಗೆ ಹೊರಳಿತು. ಚಿಕಿತ್ಸೆಗೆಂದು ಸೇಲಂ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದೊಯ್ಯಬೇಕಾಗಿತ್ತಂತೆ. ಡ್ರೈವರು ಬೇಡ, ಅಣ್ಣನೇ ಓಡಿಸಲಿ ಎಂದರಂತೆ ಅಕ್ಕ. ಪಕ್ಕದ ಸೀಟಿನಲ್ಲಿ ದಿಂಬಿಗೊರಗಿ ಕೂತು, ನೋವಿನ ನಡುವೆಯೂ, ಧರ್ಮಪುರಿಯಿಂದ ಸೇಲಂವರೆಗೂ 'ಕ್ಲಚ್ ಮೇಲೆ ಕಾಲಿಡ್ಬೇಡ, ಕನ್ನಡಿ ನೋಡು, ಅಷ್ಟ್ ಅತ್ರ ಓಗ್ಬೇಡ' ಎಂದು ಬೈಯುತ್ತಲೇ ಇದ್ದರಂತೆ.

"ಇಡೀ ದಾರಿ ಬೈಯೋಳು ಕಣ್ಲಾ," ಎಂದು ಅವನು ನಕ್ಕ. ಮೊದಲಿನ ಹಾಗೆ ಇಡೀ ಮೈಯಿಂದಲೇ ನಕ್ಕ. ನಗು ಎಲ್ಲೋ ನಡುವೆ ದಾರಿ ತಪ್ಪಿತು. ಲೋಟವನ್ನು ಕೆಳಗಿಟ್ಟು, ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರಿನ ಕಡೆಗೆ ಕೈ ತೋರಿಸಿದ.

"ಈಗ ಓಡ್ಸೋದೇ ಬಿಟ್ಬಿಟ್ಟಿವ್ನಿ. ತಪ್ಪು ಮಾಡಿದ್ರೂ ಯಾರೂ ಏನೂ ಅನ್ನಲ್ಲ..."